ಹಳ್ಳಿಯ ಕನ್ನಡ ಶಾಲೆಯಲ್ಲಿರುವ ಮಗಳನ್ನು ಎಂಟನೇ ಕ್ಲಾಸಿಗೆ ಕಲಬುರಗಿಯ ಇಂಗ್ಲಿಷ್ ಮೀಡಿಯಂಗೆ ಹಾಕಬೇಕು, ಯಾವ ಶಾಲೆ ಒಳ್ಳೆಯದು?

ಯಾವ ಶಾಲೆ ಅಂತ ನಾನು ಹೇಳುವುದಿಲ್ಲ. ಎಂಟನೇ ಕ್ಲಾಸಿಗೆ ಬದಲಿಸುವುದೇ ಬೇಡ ಅಂತೀನಿ.

2013ರಲ್ಲಿ ನಾನು ಇದನ್ನೇ ಮಾಡಿದೆ. ನಮ್ಮದು ಚಿತ್ತಾಪುರ ತಾಲೂಕಿನ ಒಂದು ಹಳ್ಳಿ. ಯಜಮಾನರು ಕಲ್ಲಿನ ಗಣಿಯಲ್ಲಿ, ನಾನು ಮನೆಯಲ್ಲೇ ಹೊಲಿಗೆ. ಮಗ ಏಳನೇ ತನಕ ಊರ ಶಾಲೆಯಲ್ಲಿ ಮೊದಲಿಗ. ಪಕ್ಕದ ಊರಲ್ಲೇ ಸರ್ಕಾರಿ ಹೈಸ್ಕೂಲು ಇತ್ತು, ಆಗ ಎಂಟನೇಗೆ ಸೈಕಲ್ ಕೂಡ ಕೊಡುತ್ತಿದ್ದರು. ಯಜಮಾನರು ಅಲ್ಲೇ ಓದಲಿ ಅಂದರು. ನಾನೇ ಹಟ ಹಿಡಿದು, ಬಂಗಾರ ಅಡವಿಟ್ಟು, ಕಲಬುರಗಿಯ ಹಾಸ್ಟೆಲ್ ಇರುವ ಶಾಲೆಗೆ ಸೇರಿಸಿದೆ.

ಎರಡು ತಿಂಗಳಿಗೆ ಫೋನ್ ಮಾಡಿ, "ಅವ್ವಾ, ಕ್ಲಾಸಿನಾಗ ಏನೂ ತಿಳೀವಲ್ದು" ಅಂದ. ದ್ಯುತಿಸಂಶ್ಲೇಷಣೆ ಅಂದರೆ ಚಿತ್ರ ಬರೆದು ವಿವರಿಸುತ್ತಿದ್ದ ಹುಡುಗ, ಫೋಟೋಸಿಂಥೆಸಿಸ್ ಅಂದಾಗ ಬಾಯಿ ಮುಚ್ಚಿ ಕೂತಿದ್ದ. ವಿಷಯ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಮೊದಲು ಪ್ರಶ್ನೆ ಕೇಳುವುದು ಬಿಟ್ಟ, ಆಮೇಲೆ ನನ್ನ ಹತ್ತಿರ ಹೇಳುವುದನ್ನೂ ಬಿಟ್ಟ. ಎಸ್ಸೆಸ್ಸೆಲ್ಸಿ ಹೇಗೋ ಪಾಸಾದ. ಪಿಯುಸಿಯಲ್ಲಿ ನಿಧಾನಕ್ಕೆ ಚೇತರಿಸಿಕೊಂಡ.

ನಿಜವಾದ ಪೆಟ್ಟು ಬಿದ್ದಿದ್ದು 2018ರಲ್ಲಿ, ಎಂಜಿನಿಯರಿಂಗ್ ಸೀಟಿನ ಪ್ರವೇಶ ಪರೀಕ್ಷೆ ಸಿಇಟಿಗೆ ಅರ್ಜಿ ತುಂಬುವಾಗ. ಸೈಬರ್ ಸೆಂಟರ್ ಹುಡುಗ ಕೇಳಿದ: "ಹತ್ತೂ ವರ್ಷ ಹಳ್ಯಾಗ ಓದ್ಯಾನೇನ್ರಿ?" ಏಳು ವರ್ಷ ಅಂದೆ. "ಹಂಗಾದ್ರ ಬರಲ್ರಿ" ಅಂದ.

ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕಂದರೆ ನನಗೆ ಯಾರೂ ಹೇಳಿರಲಿಲ್ಲ. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಮೀಸಲಾತಿ ಶೇ. 15. ಕನ್ನಡ ಮಾಧ್ಯಮಕ್ಕೆ ಶೇ. 5. ಎರಡಕ್ಕೂ ಒಂದರಿಂದ ಹತ್ತನೇ ತನಕ ಪೂರ್ತಿ ಹತ್ತು ವರ್ಷ ಬೇಕು. ಒಂದಕ್ಕೆ ಹಳ್ಳಿಯಲ್ಲೇ ಓದಿರಬೇಕು, ಇನ್ನೊಂದಕ್ಕೆ ಕನ್ನಡದಲ್ಲೇ ಓದಿರಬೇಕು. ಏಳು ವರ್ಷಕ್ಕೆ ಅರ್ಧ ಲಾಭ ಅಂತ ಇಲ್ಲ. ಒಂಬತ್ತಾದರೂ ಇಲ್ಲ. ನನ್ನ ಮಗನ ಏಳು ವರ್ಷ ಲೆಕ್ಕಕ್ಕೇ ಬರಲಿಲ್ಲ. ನಾನು ಬಂಗಾರ ಅಡವಿಟ್ಟು ಅವನ ಎರಡು ಮೀಸಲಾತಿ ಕಳೆದಿದ್ದೆ.

"371(ಜೆ) ಇದೆಯಲ್ಲ" ಅಂತ ನಿಮಗೂ ಯಾರಾದರೂ ಹೇಳುತ್ತಾರೆ. ಇದೆ, ಅದು ಕಲ್ಯಾಣ ಕರ್ನಾಟಕದ ಜಿಲ್ಲೆಗಳವರಿಗೆ ಸಂವಿಧಾನದ ಆ ವಿಧಿಯಿಂದ ಸಿಗುವ ಮೀಸಲಾತಿ: ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟು, ಹೊರಗಿನವುಗಳಲ್ಲಿ ಶೇ. 8. ಸಹಾಯಕ ಆಯುಕ್ತರ ಕಚೇರಿಯಿಂದ ಆ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಆದರೆ ಅಲ್ಲಿ ಕಲಬುರಗಿ ಸಿಟಿಯ ಮಕ್ಕಳೂ ಇರುತ್ತಾರೆ ಅಲ್ವಾ? ಅದರೊಳಗೂ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಸೀಟು ಬೇರೆಯೇ. ನಮ್ಮೂರಿನ ಇನ್ನೊಬ್ಬ ಹುಡುಗ, ರ‍್ಯಾಂಕ್ ನನ್ನ ಮಗನಿಗಿಂತ ಹಿಂದೆ, ಅದೇ ಸೈಕಲ್‌ನಲ್ಲಿ ಹೈಸ್ಕೂಲಿಗೆ ಹೋದವನು. ಅವನಿಗೆ ಕಂಪ್ಯೂಟರ್ ಸೈನ್ಸ್ ಸಿಕ್ಕಿತು. ನಮ್ಮವನು ಸಿವಿಲ್ ಸೇರಿದ, ಅದೂ ಸಾಲ ಮಾಡಿ.

ಗ್ರಾಮೀಣ, ಕನ್ನಡ ಮಾಧ್ಯಮ ಎರಡೂ ಮೀಸಲಾತಿಗೆ ಹತ್ತನೇ ತನಕದ ಓದು ಮಾತ್ರ ಲೆಕ್ಕ. ಪಿಯುಸಿಗೆ ಕಲಬುರಗಿಗೆ ಬೇಕಾದರೆ ಕಳಿಸಿ, ಏನೂ ಕಳೆಯುವುದಿಲ್ಲ. ಆಗ ಮಗಳಿಗೂ ಹದಿನಾರಾಗಿರುತ್ತದೆ, ಹಾಸ್ಟೆಲ್ ತಡೆದುಕೊಳ್ಳುತ್ತಾಳೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ಟರ್ ಸಹಿ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯೂ ಬೇಕು, ಮರೆಯಬೇಡಿ.

ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ. ನನ್ನ ಸಣ್ಣ ಮಗಳು ಈಗ ಅದೇ ಸರ್ಕಾರಿ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ವಿಜ್ಞಾನದ ಒಂದೊಂದು ಪದಕ್ಕೂ ಪಕ್ಕದಲ್ಲಿ ಇಂಗ್ಲಿಷ್ ಹೆಸರು ಬರೆದುಕೊಂಡ ನೋಟ್‌ಬುಕ್ ಇದೆ. ರಾತ್ರಿ ಊಟ ಆದ ಮೇಲೆ ಹೈದರಾಬಾದಿನಿಂದ ಅವಳ ಅಣ್ಣ ಫೋನ್ ಮಾಡಿ, ದಿನಕ್ಕೆ ಹತ್ತು ಪದ ಕೇಳುತ್ತಾನೆ.