ನ್ಯಾಚೆಜ್‌ನ ಒಂದು ದಿನ: ಲೇಖಕಿಗೆ ಸಂಪಾದಕರ ಉತ್ತರ

ಮಾನ್ಯರೇ,

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ನ್ಯಾಚೆಜ್ ಊರಿನಲ್ಲಿ ನೀವೂ ನಿಮ್ಮ ಯಜಮಾನರೂ ಆರ್‌ವಿ (ಒಳಗೇ ವಾಸಿಸಬಹುದಾದ ದೊಡ್ಡ ಗಾಡಿ) ನಿಲ್ಲಿಸಿಕೊಂಡು ಕಳೆದ ದಿನದ ಲೇಖನ ತಲುಪಿದೆ. ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸು ಬಾರದು.

ಬೆಳಗಿನ ಕಾಫಿಯಿಂದ ರಾತ್ರಿಯ ನಿದ್ದೆಯವರೆಗೆ ನೀವು ಏನನ್ನೂ ಬಿಟ್ಟಿಲ್ಲ. ತೊಡಕು ಅಲ್ಲೇ. ‘ಮನಮೋಹಕ’, ‘ಕಣ್ಮನ ಸೆಳೆಯುವ’ ಎಂಬ ಮಾತುಗಳನ್ನು ಪ್ರವಾಸೋದ್ಯಮದವರ ಕರಪತ್ರಕ್ಕೆ ಬಿಟ್ಟುಬಿಡಿ.

ಲಾಂಗ್‌ವುಡ್‌ಗೆ ನೀವು ಕೊಟ್ಟಿರುವುದು ಮೂರೇ ಸಾಲು. ಹತ್ತಿ ತೋಟಗಳ ಒಡೆಯ ಹ್ಯಾಲರ್ ನಟ್ 1860ರಲ್ಲಿ ಕಟ್ಟಿಸಲು ತೊಡಗಿದ ಎಂಟು ಮೂಲೆಯ ಮಹಲು ಅದು. ಮರುವರ್ಷ ಅಂತರ್ಯುದ್ಧ ಹೊತ್ತಿಕೊಂಡಿತು. ಫಿಲಡೆಲ್ಫಿಯಾದಿಂದ ಬಂದಿದ್ದ ಕೆಲಸಗಾರರು ಉಪಕರಣಗಳನ್ನು ಇದ್ದಲ್ಲೇ ಬಿಟ್ಟು ಊರಿಗೆ ಮರಳಿದರು. ಮೂವತ್ತೆರಡು ಕೋಣೆಗಳ ಯೋಜನೆಯಲ್ಲಿ ಮುಗಿದದ್ದು ಕೆಳಗಿನ ಒಂಬತ್ತು. ಕುಟುಂಬ ಅಷ್ಟರಲ್ಲೇ ಸಂಸಾರ ಹೂಡಿತು. ನಟ್ 1864ರಲ್ಲಿ ತೀರಿಕೊಂಡ. ಕೆಳಗೆ ಒಪ್ಪವಾಗಿ ಜೋಡಿಸಿದ ಪೀಠೋಪಕರಣ, ಮೆಟ್ಟಿಲು ಹತ್ತಿದರೆ ಗಾರೆ ಕಾಣದ ಇಟ್ಟಿಗೆ, ಬರೀ ತೊಲೆ. ಅಲ್ಲಿ ಕತ್ತೆತ್ತಿ ನೋಡಿದವರು ನೀವು. ಬರೆದಿರುವುದು ಮಾತ್ರ ‘ಗೈಡ್ ಚೆನ್ನಾಗಿ ವಿವರಿಸಿದರು’ ಎಂದು. ಏನು ವಿವರಿಸಿದರು, ತಾಯೀ?

ಆ ಮಹಲಿನ ದುಡ್ಡು ಗುಲಾಮರ ದುಡಿಮೆಯದು. ಅದೇ ಊರಿನ ‘ಫೋರ್ಕ್ಸ್ ಆಫ್ ದ ರೋಡ್’ನಲ್ಲಿ ಮನುಷ್ಯರನ್ನು ಮಾರುವ ದೊಡ್ಡ ಸಂತೆ ನಡೆಯುತ್ತಿತ್ತು. ಈಗ ಅಲ್ಲಿ ಹುಲ್ಲು, ಫಲಕಗಳು, ಕಾಂಕ್ರೀಟಿನಲ್ಲಿ ಅರೆ ಹೂತ ಸಂಕೋಲೆಗಳು. ನಿಮ್ಮ ವಾಕ್ಯ: ‘ನೋಡುವಂಥದ್ದು ಹೆಚ್ಚೇನೂ ಇರಲಿಲ್ಲವಾದ್ದರಿಂದ ಐದು ನಿಮಿಷದಲ್ಲಿ ಹೊರಟೆವು.’ ಇದನ್ನು ಅಳಿಸಬೇಡಿ. ಲಾಂಗ್‌ವುಡ್‌ನ ಬೆನ್ನಿಗೇ ತಂದಿಡಿ. ನಾಚಿಕೆಯಿಂದ ಅದರ ಪಕ್ಕ ಒಂದು ಉಪದೇಶ ಸೇರಿಸಲು ಹೋಗಬೇಡಿ, ಓದುಗರು ದಡ್ಡರಲ್ಲ.

ಇನ್ನು ಯಜಮಾನರು. ಲೇಖನದುದ್ದಕ್ಕೂ ಅವರಿಗೆ ಫೋಟೊ ತೆಗೆಯುವುದೊಂದೇ ಕೆಲಸ. ಎರಡನೆಯ ಪುಟದಲ್ಲಿ ಮಾತ್ರ ಅವರು ಕೈಗವಸು ತೊಟ್ಟು ಮಲದ ಟ್ಯಾಂಕ್ ಖಾಲಿ ಮಾಡುತ್ತಾರೆ, ನೀವು ಮೂಗು ಮುಚ್ಚಿ ದೂರದಿಂದಲೇ ‘ಪೈಪು ಸರಿಯಾಗಿ ಕೂತಿದೆಯೇ’ ಎಂದು ಕೂಗುತ್ತೀರಿ, ಅವರು ಉತ್ತರಿಸುವುದಿಲ್ಲ. ಗಂಡ-ಹೆಂಡತಿ ನನಗೆ ಕಂಡದ್ದು ಅಲ್ಲೊಂದೇ ಕಡೆ. ಅದನ್ನು ಬೆಳೆಸಿ. ನ್ಯಾಚೆಜ್ ಟ್ರೇಸ್ ರಸ್ತೆ 444 ಮೈಲಿ ಉದ್ದ ಎಂಬ ಇಡೀ ಪ್ಯಾರಾ ತೆಗೆಯಿರಿ. ಆದರೆ ಅಲ್ಲಿ ಲಾರಿಗಳಿಗೆ ಪ್ರವೇಶವಿಲ್ಲ, ಗಂಟೆಗೆ 50 ಮೈಲಿಗಿಂತ ವೇಗ ಕೂಡದು. ಅಷ್ಟು ದೊಡ್ಡ ಗಾಡಿ ಓಡಿಸುವವರ ಭುಜ ಅಂಥ ರಸ್ತೆಯಲ್ಲಿ ಸಡಿಲವಾಗಿರಬೇಕಲ್ಲ? ಅದನ್ನು ಬರೆಯಿರಿ.

ಸುಟ್ಟುಹೋದ ವಿಂಡ್ಸರ್ ಮಹಲಿನ ಕಂಬಗಳು, ಮೂಲನಿವಾಸಿಗಳು ಕಟ್ಟಿದ ಎಮರಾಲ್ಡ್ ದಿಬ್ಬ, ಊಟದ ಪಟ್ಟಿ, ಮೂರೂ ಬೇಡ. ಒಂಬೈನೂರು ಪದ ದಾಟದಂತೆ ತಿದ್ದಿ ಕಳಿಸಿ. ಫೋಟೊಗಳಲ್ಲಿ ನೀವಿಬ್ಬರೂ ನಗುತ್ತ ನಿಂತಿರುವುದು ಒಂದು ಸಾಕು. ಶೀರ್ಷಿಕೆಯ ಚಿಂತೆ ಬೇಡ, ಅದನ್ನು ನಾವೇ ಬದಲಿಸುತ್ತೇವೆ.

ಇಂತಿ,
ಸಂಪಾದಕ