ಮೈಸೂರಲ್ಲಿ ಕೊಂಡ ಇನ್ವರ್ಟರ್, ಮಡಿಕೇರಿಯಲ್ಲಿ ದೂರು
ಮೈಸೂರಿಂದ ತಂದ ಇನ್ವರ್ಟರ್ ಹತ್ತೇ ದಿನಕ್ಕೆ ಕೆಟ್ಟಿದೆ, ಬಿಲ್ಲಿನಲ್ಲಿ 'ಮಾರಿದ ಮಾಲು ವಾಪಸ್ ಇಲ್ಲ' ಅಂತಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಆ ಸಾಲಿಗೆ ಸುಮ್ನೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ಅಂಗಡಿಯವರು ವಾಪಸ್ ಪಡೆಯದಿರುವುದೇ ತಪ್ಪು.

ಅಂಗಡಿಯವರಿಗೆ ಬರಹದಲ್ಲೇ ತಿಳಿಸಿ, ವಾಟ್ಸಾಪ್ ಆದರೂ ಸರಿ. ಫೋನಲ್ಲಿ ಜಗಳ ಆಡಿದರೆ ಸಾಕ್ಷಿ ಉಳಿಯುವುದಿಲ್ಲ, ಅಲ್ವಾ? ಆಮೇಲೆ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ. ಮೈಸೂರಿಗೆ ಓಡಾಡಬೇಕಿಲ್ಲ, ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಾಲಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಬಿಲ್ಲು ಜೋಪಾನ. ನಮ್ಮ ಮಳೆಗಾಲದ ತೇವಕ್ಕೆ ಅಕ್ಷರ ಅಳಿಸಿಹೋಗುತ್ತದೆ, ಇವತ್ತೇ ಫೋಟೊ ತೆಗೆದಿಡಿ.