ನಿಮ್ಮ ಲೇಖನದಲ್ಲಿ ಒಂದು ಹಕ್ಕಿಯೂ ಸಾಯುವುದಿಲ್ಲ

ನಮಸ್ಕಾರ.

ಜೀವಿಗಳು ಹೇಗೆ ಬದಲಾಗುತ್ತವೆ ಎಂಬ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಬಿಟ್ಟುಬಿಡಬೇಡಿ, ತಿದ್ದಿ ಕಳಿಸಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ವಿಜ್ಞಾನವನ್ನು ಕನ್ನಡದಲ್ಲಿ ತೊಡಕಿಲ್ಲದೆ ಹೇಳುವವರು ಕಡಿಮೆ, ನಿಮಗೆ ಅದು ಬರುತ್ತದೆ.

ಮೊದಲ ಎರಡು ಪುಟ ತೆಗೆದುಬಿಡಿ. ಮಹಾಸ್ಫೋಟ, ಸೌರಮಂಡಲ, ಭೂಮಿ ತಣ್ಣಗಾದದ್ದು ಯಾವುದೂ ಇಲ್ಲಿಗೆ ಬೇಡ. ಜೀವ ಮೊದಲು ಹೇಗೆ ಹುಟ್ಟಿತು ಅನ್ನುವುದು ಬೇರೆ ಪ್ರಶ್ನೆ. ಹುಟ್ಟಿದ ಮೇಲೆ ಹೇಗೆ ಬದಲಾಯಿತು ಅನ್ನುವುದು ಬೇರೆ. ವಿಕಾಸವಾದ ಉತ್ತರ ಕೊಡುವುದು ಎರಡನೆಯದಕ್ಕೆ.

ಈಗ ನನ್ನ ಮುಖ್ಯ ತಕರಾರು. ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಗಳ ಫಿಂಚ್ ಎಂಬ ಪುಟ್ಟ ಹಕ್ಕಿಗಳ ಬಗ್ಗೆ ನೀವು ಹೀಗೆ ಬರೆದಿದ್ದೀರಿ: ‘ಬರ ಬಂದಾಗ ಗಟ್ಟಿ ಬೀಜ ಒಡೆಯಲು ಹಕ್ಕಿಗಳು ತಮ್ಮ ಕೊಕ್ಕನ್ನು ದಪ್ಪ ಮಾಡಿಕೊಂಡವು.’ ಓದಲು ಚೆನ್ನಾಗಿದೆ, ಆದರೆ ನಡೆದದ್ದು ಹಾಗಲ್ಲ. ಯಾವ ಹಕ್ಕಿಯೂ ಏನನ್ನೂ ಮಾಡಿಕೊಳ್ಳಲಿಲ್ಲ. ಹೆಚ್ಚಿನವು ಸತ್ತವು. ನಿಮ್ಮ ಲೇಖನದಲ್ಲಿ ಮಾತ್ರ ಕೊನೆಯವರೆಗೂ ಒಂದು ಹಕ್ಕಿಯೂ ಸಾಯುವುದಿಲ್ಲ. ಎಲ್ಲವೂ ಕಲಿಯುತ್ತವೆ, ಹೊಂದಿಕೊಳ್ಳುತ್ತವೆ, ಮುಂದೆ ಹೋಗುತ್ತವೆ. ಸಾವನ್ನು ಬಿಟ್ಟು ಈ ಕಥೆ ಹೇಳಲು ಬರುವುದಿಲ್ಲ.

ನೀವು ಹೇಳುತ್ತಿರುವ ಬರ 1977ರದ್ದು. ಜಾಗ ಗ್ಯಾಲಪಗೋಸ್‌ನ ಡಾಫ್ನಿ ಮೇಜರ್ ಎಂಬ ಪುಟ್ಟ ದ್ವೀಪ. ಅಲ್ಲಿ ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ಫಿಂಚ್‌ಗಳನ್ನು ಹಿಡಿದು, ಕೊಕ್ಕು ಅಳೆದು, ಕಾಲಿಗೆ ಬಣ್ಣದ ಉಂಗುರ ಹಾಕಿ ಬಿಡುತ್ತಿದ್ದರು. ಹಾಗಾಗಿ ಯಾವುದು ಸತ್ತಿತು, ಯಾವುದು ಉಳಿಯಿತು, ಅವುಗಳ ಕೊಕ್ಕು ಎಷ್ಟಿತ್ತು ಅನ್ನುವ ಲೆಕ್ಕ ಅವರ ಹತ್ತಿರ ಇತ್ತು. ಆ ವರ್ಷ ಮಳೆ ಕೈಕೊಟ್ಟಿತು. ಮೆತ್ತಗಿನ ಸಣ್ಣ ಬೀಜಗಳು ಬೇಗ ಖಾಲಿಯಾದವು. ಕೊನೆಗೆ ಉಳಿದದ್ದರಲ್ಲಿ ಮುಖ್ಯವಾದದ್ದು ಟ್ರಿಬ್ಯುಲಸ್ ಗಿಡದ ಮುಳ್ಳುಕಾಯಿ. ಅದು ನಮ್ಮ ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುವ ನೆಗ್ಗಿಲು ಮುಳ್ಳಿನ ಹತ್ತಿರದ ಸಂಬಂಧಿ. ಹಾಗೆಂದೇ ಬರೆಯಿರಿ. ಅದನ್ನು ತುಳಿದವರಿಗೆ ಅದು ಎಷ್ಟು ಗಟ್ಟಿ ಅಂತ ಬೇರೆ ಹೇಳಬೇಕಾಗಿಲ್ಲ. ದಪ್ಪ ಕೊಕ್ಕಿನ ಹಕ್ಕಿ ಅದನ್ನು ಒಡೆದು ಒಳಗಿನ ಬೀಜ ತಿನ್ನುತ್ತಿತ್ತು. ಸಣ್ಣ ಕೊಕ್ಕಿನದಕ್ಕೆ ಆಗುತ್ತಿರಲಿಲ್ಲ. ಮಧ್ಯಮ ಗಾತ್ರದ ನೆಲಫಿಂಚ್ ಜಾತಿಯ ಸುಮಾರು 1,200 ಹಕ್ಕಿಗಳಲ್ಲಿ ಬರ ಮುಗಿಯುವ ಹೊತ್ತಿಗೆ ಉಳಿದದ್ದು 180ರಷ್ಟು.

ಹೀಗೆ ಉಳಿದವುಗಳ ಕೊಕ್ಕಿನ ಸರಾಸರಿ ದಪ್ಪ ಮೊದಲಿಗಿಂತ ಸುಮಾರು ಅರ್ಧ ಮಿಲಿಮೀಟರ್ ಜಾಸ್ತಿ ಇತ್ತು. ಆದರೆ ಉಳಿದ ಹಕ್ಕಿಗಳ ಕೊಕ್ಕೇನೂ ಬೆಳೆದಿರಲಿಲ್ಲ. ಸಣ್ಣ ಕೊಕ್ಕಿನವು ಲೆಕ್ಕದಿಂದಲೇ ಹೋಗಿದ್ದವು, ಅದಕ್ಕೆ ಸರಾಸರಿ ಏರಿತು. ಬದಲಾಗುವುದು ಒಂದು ಹಕ್ಕಿಯಲ್ಲ, ಗುಂಪು. ಇಷ್ಟಕ್ಕೇ ನಿಲ್ಲಿಸಬೇಡಿ, ಯಾಕೆಂದರೆ ಇದು ಅರ್ಧ ಮಾತ್ರ. ಕೊಕ್ಕಿನ ಗಾತ್ರ ತಂದೆತಾಯಿಯಿಂದ ಮರಿಗೆ ಬರುತ್ತದೆ ಎಂದು ಗ್ರಾಂಟ್ ತಂಡ ಅಳೆದು ತೋರಿಸಿತು. 1978ರಲ್ಲಿ ಹುಟ್ಟಿದ ಮರಿಗಳ ಕೊಕ್ಕು ಕೂಡ ಬರಕ್ಕೆ ಮುಂಚಿನ ಸರಾಸರಿಗಿಂತ ದಪ್ಪವಾಗಿಯೇ ಬೆಳೆಯಿತು. ಆಗ ಅದು ವಿಕಾಸ.

ಈ ವ್ಯತ್ಯಾಸ ಮೂಲದಲ್ಲಿ ಎಲ್ಲಿಂದ ಬಂತು ಅನ್ನುವುದು ನಿಮ್ಮಲ್ಲಿ ಇಲ್ಲವೇ ಇಲ್ಲ. ಒಂದು ಪ್ಯಾರಾ ಸೇರಿಸಿ. ಡಿಎನ್‌ಎ ನಕಲಾಗುವಾಗ ಅಲ್ಲೊಂದು ಇಲ್ಲೊಂದು ತಪ್ಪಾಗುತ್ತದೆ. ಹಕ್ಕಿಗೆ ಏನು ಬೇಕು ಅಂತ ಕೇಳಿಕೊಂಡು ಆ ತಪ್ಪು ಆಗುವುದಿಲ್ಲ. ಹೆಚ್ಚಿನವು ಉಪಯೋಗಕ್ಕೆ ಬರುವುದಿಲ್ಲ, ಕೆಲವು ಕೆಡುಕು ಮಾಡುತ್ತವೆ, ಎಲ್ಲೋ ಒಂದು ಅನುಕೂಲವಾಗುತ್ತದೆ. ಯಾವುದು ಅನುಕೂಲ ಅನ್ನುವುದನ್ನು ಆ ವರ್ಷದ ಮಳೆ, ಆ ವರ್ಷದ ಬೀಜ ತೀರ್ಮಾನಿಸುತ್ತವೆ.

‘ಬಲಶಾಲಿಗಳೇ ಉಳಿಯುತ್ತವೆ’ ಎಂಬ ಉಪಶೀರ್ಷಿಕೆ ಕೂಡ ಹೋಗಲಿ. ಡಾಫ್ನಿಯ ಮುಂದಿನ ಕಥೆಯೇ ಅದಕ್ಕೆ ಉತ್ತರ. 1983ರಲ್ಲಿ ಎಲ್ ನಿನ್ಯೊದಿಂದ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯೇರಿದ್ದರಿಂದ, ಅಲ್ಲಿ ಜೋರು ಮಳೆ ಸುರಿಯಿತು. ಸಣ್ಣ ಬೀಜಗಳು ಹೇರಳವಾದವು. ನಂತರದ ವರ್ಷಗಳಲ್ಲಿ ಸಣ್ಣ ಕೊಕ್ಕಿನವೇ ಮೇಲುಗೈ ಪಡೆದವು. ಮತ್ತೆ 2003-04ರಲ್ಲಿ ಬರ ಬಂತು. ಈ ಸಲ ದಪ್ಪ ಕೊಕ್ಕಿನವು ಗೆಲ್ಲಬೇಕಿತ್ತು ಅಲ್ವಾ? ಅವೇ ಜಾಸ್ತಿ ಸತ್ತವು. ಅಷ್ಟರಲ್ಲಿ ದೊಡ್ಡ ನೆಲಫಿಂಚ್ ಎಂಬ ಇನ್ನೊಂದು ಜಾತಿ ದ್ವೀಪಕ್ಕೆ ಬಂದು ನೆಲೆಸಿತ್ತು, ಆ ಮುಳ್ಳುಕಾಯಿಗಳನ್ನೆಲ್ಲ ಅದು ತಿಂದು ಮುಗಿಸಿತು. ಅದೇ ದ್ವೀಪ, ಅದೇ ಜಾತಿ, ಮತ್ತೊಂದು ಬರ, ಫಲ ಮಾತ್ರ ತಿರುಗುಮುರುಗು. ಇಂಥ ಘಟನೆ ಕೈಯಲ್ಲಿರುವಾಗ ಜಿಂಕೆ ಅಟ್ಟಿಸಿಕೊಂಡು ಹೋಗುವ ಸಿಂಹದ ಉದಾಹರಣೆ ಯಾಕೆ? ನಿಮ್ಮ ಇಡೀ ಲೇಖನಕ್ಕೆ ಈ ಮೂರು ವರ್ಷಗಳೇ ಬೆನ್ನೆಲುಬಾಗಲಿ.

ಇನ್ನೊಂದು ಸಣ್ಣ ತಿದ್ದುಪಡಿ. ಎಲ್ಲ ಬದಲಾವಣೆಗೂ ನೈಸರ್ಗಿಕ ಆಯ್ಕೆಯೇ (ಡಾಫ್ನಿಯಲ್ಲಿ ನಡೆದಂತೆ, ಆ ಹೊತ್ತಿಗೆ ಹೊಂದುವವು ಉಳಿದು ಮರಿ ಮಾಡುವುದು) ಕಾರಣ ಎಂದಿದ್ದೀರಿ. ಸುಮ್ನೆ ಆಕಸ್ಮಿಕದಿಂದಲೂ ಬದಲಾವಣೆ ಆಗುತ್ತದೆ, ಚಿಕ್ಕ ಗುಂಪುಗಳಲ್ಲಿ ಇನ್ನೂ ಜಾಸ್ತಿ. ಡಿಎನ್‌ಎ ಮಟ್ಟದ ಬದಲಾವಣೆಗಳಲ್ಲಿ ಹೆಚ್ಚಿನವು ಲಾಭವೂ ಅಲ್ಲದ ನಷ್ಟವೂ ಅಲ್ಲದ ಬಗೆಯವು ಎಂದು ಜಪಾನಿನ ತಳಿವಿಜ್ಞಾನಿ ಮೋಟೂ ಕಿಮುರಾ 1968ರಲ್ಲೇ ವಾದಿಸಿದ್ದರು. ಎರಡು ಸಾಲು ಸಾಕು.

ಕೊನೆಯ ಪ್ಯಾರಾ ನನಗೆ ನಿಜಕ್ಕೂ ಬೇಸರ ತಂದಿತು. ‘ಮಂಗನಿಂದ ಮಾನವ ಎನ್ನುವುದು ಒಂದು ಸಿದ್ಧಾಂತ ಅಷ್ಟೇ, ಓದುಗರೇ ತೀರ್ಮಾನಿಸಲಿ’ ಎಂದು ಕೈತೊಳೆದುಕೊಂಡಿದ್ದೀರಿ. ಇವತ್ತಿನ ಯಾವ ಮಂಗನಿಂದಲೂ ನಾವು ಬಂದಿಲ್ಲ. ನಮಗೂ ಚಿಂಪಾಂಜಿಗೂ ಒಂದೇ ಪೂರ್ವಜ ಇತ್ತು, ಅಷ್ಟೇ. ವಿಜ್ಞಾನದಲ್ಲಿ ಸಿದ್ಧಾಂತ ಅಂದರೆ ಊಹೆಯೂ ಅಲ್ಲ. ಅದು ಪರೀಕ್ಷೆಗೆ ನಿಲ್ಲಬೇಕು. ಚಿಂಪಾಂಜಿ, ಗೊರಿಲ್ಲಾಗಳಿಗೆ 24 ಜೊತೆ ವರ್ಣತಂತು (ಕ್ರೋಮೋಸೋಮ್, ಜೀವಕೋಶದೊಳಗೆ ಡಿಎನ್‌ಎ ಇರುವ ಎಳೆ), ನಮಗೆ 23. ಪೂರ್ವಜ ಒಂದೇ ಆಗಿದ್ದರೆ ನಮ್ಮಲ್ಲಿ ಎಲ್ಲೋ ಎರಡು ವರ್ಣತಂತು ಕೂಡಿಕೊಂಡಿರಲೇಬೇಕು, ಕೂಡಿದ ಗುರುತೂ ಸಿಗಬೇಕು. ಸಿಕ್ಕಿತು. ವರ್ಣತಂತುವಿನ ತುದಿಯಲ್ಲಿ ಇರಬೇಕಾದ ಡಿಎನ್‌ಎ ನಮ್ಮ 2ನೇ ವರ್ಣತಂತುವಿನ ನಡುವೆ, ಎದುರುಬದುರಾಗಿ ಸೇರಿಕೊಂಡಿರುವುದನ್ನು 1991ರಲ್ಲಿ ತೋರಿಸಿದರು. ಇದನ್ನು ಬರೆಯಿರಿ. ಆಮೇಲೆ ಓದುಗರು ತೀರ್ಮಾನಿಸಲಿ.

ನಾನು ಇಷ್ಟು ಬಿಗಿಯಾಗಿರಲು ಕಾರಣವಿದೆ. 2023ರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸವಾದದ ಭಾಗವನ್ನು ಕೈಬಿಟ್ಟರು. ಮುಂದೆ ಜೀವಶಾಸ್ತ್ರ ತೆಗೆದುಕೊಳ್ಳದ ಮಗುವಿಗೆ ಇದು ತರಗತಿಯಲ್ಲಿ ಸಿಗದೇ ಹೋಗಬಹುದು. ಅಂಥ ಮಗು ಇದನ್ನು ಮೊದಲು ನಿಮ್ಮ ಲೇಖನದಲ್ಲೇ ಓದಿದರೆ, ಸರಿಯಾದದ್ದನ್ನೇ ಓದಬೇಕು.

ಮಂಗ ಹಂತಹಂತವಾಗಿ ನೆಟ್ಟಗಾಗಿ ಮನುಷ್ಯನಾಗುವ ಚಿತ್ರವನ್ನೂ ಕಳಿಸಿದ್ದೀರಿ. ಅದನ್ನು ಬಳಸುವುದಿಲ್ಲ. ಬದಲಿಗೆ ಎರಡು ಕೊಕ್ಕು, ಒಂದು ಮುಳ್ಳುಕಾಯಿಯ ರೇಖಾಚಿತ್ರ ನಾವೇ ಬರೆಸುತ್ತೇವೆ. ಹೊಸ ಪ್ರತಿ ಡಾಫ್ನಿಯಿಂದಲೇ ಶುರುವಾಗಲಿ, ಸಾವಿರ ಪದ ದಾಟದಿರಲಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.